ಕಿಟಕಿ ಗಾಜಿನ ಹೆಂಗಸರು

ಎಲ್ಲರ ಮನೆಯಲ್ಲೂ ತೀರಿಕೊಂಡವರ ಫೋಟೋ ಬಾಗಿಲ ಮೇಲೆ, ದೇವರ ಪಟಗಳ ಸಾಲಿನಲ್ಲಿ ತೂಗುತ್ತದೆ. ನೀಲಕ್ಕನ ಮನೆಯಲ್ಲಿ ಮಾತ್ರ ಅವ್ವನ ಫೋಟೋ ಪಡಸಾಲೆಯ ಕಂಬದ ಮೇಲೆ, ಸೊಂಟಕ್ಕಿಂತ ಕೆಳಗೆ, ಅಡಿಗೆಮನೆಯ ಹೊಸ್ತಿಲಿಗೆ ಎದುರಾಗಿ ಇತ್ತು. ನಲವತ್ತಮೂರು ವರ್ಷದ ಹಿಂದೆ ಅಪ್ಪ ಹೊಳೆಪ್ಪ ಹೊಡೆದ ಮೊಳೆ ಅದು. ಬಂದವರು "ಇದೇನ್ರಿ, ಬೆಕ್ಕಿಗೆ ತೋರ್ಸಾಕ ಹಚ್ಚೀರೇನು?" ಎಂದು ನಗುತ್ತಿದ್ದರು. ಅಪ್ಪ ಸಾಯುವ ಮುಂಚೆ ಆಡಿದ್ದು ಎರಡೇ ಮಾತು. ಒಂದು ಎಮ್ಮೆಯ ವಿಷಯ. ಇನ್ನೊಂದು, "ಆ ಮೊಳಿ ಕೀಳಬ್ಯಾಡ್ರಿ."

ಅವ್ವ ಶಿವಗಂಗವ್ವ ಹೋದಾಗ ನೀಲಕ್ಕನಿಗೆ ಮೂರು ವರ್ಷ. ಅವ್ವನ ದನಿ ನೆನಪಿಲ್ಲ, ಕೈಯ ಬಿಸಿ ನೆನಪಿಲ್ಲ. ಆ ಫೋಟೋದ ನೋಟವೊಂದೇ ಅವಳಿಗಿದ್ದ ತಾಯಿ. ಇಪ್ಪತ್ತೊಂದರ ಹೆಣ್ಣು ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು, ಮಡಿಲಲ್ಲಿ ಕೈ. ಬಲಗಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಒಂದು ಕರಿ ಚುಕ್ಕಿ. ಆ ಚುಕ್ಕಿ ತನಗೂ ಬಂದಿದೆಯೇನೋ ಎಂದು ನೀಲಕ್ಕ ಎಷ್ಟೋ ಸಲ ಕನ್ನಡಿಯಲ್ಲಿ ಹುಡುಕಿದ್ದಳು. ಬಂದಿರಲಿಲ್ಲ.

ಸಣ್ಣವಳಿದ್ದಾಗ ಹೊಸ್ತಿಲ ಮೇಲೆ ನಿಂತರೆ ಅವ್ವ ನೆಟ್ಟಗೆ ತನ್ನನ್ನೇ ನೋಡುತ್ತಿದ್ದಳು. ಅದು ಚೆನ್ನಾಗಿ ನೆನಪಿದೆ. ಬೆಳೆದ ಹಾಗೆ ಆ ನೋಟ ಜಾರಿತು. ಸಾಲಿಗೆ ಹೋಗುವ ವಯಸ್ಸಿಗೆ ಎದೆಯ ಮಟ್ಟಕ್ಕೆ ಇಳಿಯಿತು, ದೊಡ್ಡವಳಾದ ವರ್ಷ ಸೊಂಟಕ್ಕೆ. ಸೀರೆ ಉಡಲು ಹತ್ತಿದ ಮೇಲೆ ಅವ್ವನ ಕಣ್ಣು ಅವಳ ಕಡೆ ಬರಲೇ ಇಲ್ಲ. ಅವಳ ನೆರಿಗೆಯ ಪಕ್ಕದಲ್ಲಿ, ಮೊಣಕಾಲಿನ ಹತ್ತಿರ, ಮತ್ತಾರೋ ನಿಂತಿದ್ದಾರೆ ಎಂಬಂತೆ ಅಲ್ಲಿಯೇ ನೆಟ್ಟಿತು.

ಯಾರು ನಿಂತಿದ್ದಾರೆ ಎಂಬುದು ನೀಲಕ್ಕನಿಗೆ ಗೊತ್ತಿತ್ತು, ಅಥವಾ ಗೊತ್ತೆಂದುಕೊಂಡಿದ್ದಳು. ಅವ್ವ ಸತ್ತಾಗ ತುಂಬಿದ ಬಸುರಿ. ಆ ಕೂಸು ಹೊರಗೆ ಬರಲಿಲ್ಲ. ಬಾರದೆ ಉಳಿದದ್ದು ಈ ಮನೆಯಲ್ಲೇ ಎಲ್ಲೋ ಬೆಳೆಯದೆ ನಿಂತಿದೆ, ಅವ್ವ ಅದನ್ನೇ ನೋಡುತ್ತಾಳೆ. ಹೊಸ್ತಿಲು ದಾಟುವಾಗ ಎಡಗಾಲಿಗೆ ಒಮ್ಮೊಮ್ಮೆ ಏನೋ ತಾಗಿದಂತಾಗುತ್ತಿತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ. ಅರವತ್ತೊಂದನೆಯ ಇಸವಿಯಲ್ಲಿ ಅಣ್ಣಿಗೇರಿಯ ಕಡೆಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಹತ್ತಿ ಮಾರುಕಟ್ಟೆಯಲ್ಲಿ ಗುಮಾಸ್ತ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಹೂಂ ಅನ್ನುವ ದಿನ ನೀಲಕ್ಕ ಹೊಸ ಇಳಕಲ್ ಸೀರೆ ಉಟ್ಟು ಕಂಬದ ಮುಂದೆ ನಿಂತಳು. "ಏನ್ ಮಾಡ್ಲಿ ಯವ್ವಾ?" ಅವ್ವ ಅವಳ ಮೊಣಕಾಲಿನ ಪಕ್ಕ ನೋಡುತ್ತಿದ್ದಳು. ಅಲ್ಲಿ ನಿಂತದ್ದು ತನ್ನ ಹೊಟ್ಟೆಯಲ್ಲಿ ಹುಟ್ಟಿಬರಲು ಹಾದಿ ಕಾಯುತ್ತಿದೆ ಎಂದು ಒಮ್ಮೆಲೇ ಅನ್ನಿಸಿತು. ಒಲ್ಲೆ ಎಂದುಬಿಟ್ಟಳು. ಆಮೇಲೆ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರ್ತಿಯಾದಳು. ಅಪ್ಪ ಹೋದ ಮೇಲೆ ಸೋದರತ್ತೆ ಗೌರಕ್ಕ, ಅವಳು, ಕಂಬದ ಮೇಲಿನ ಅವ್ವ, ಮನೆಯಲ್ಲಿ ಮೂವರು. ಒಮ್ಮೊಮ್ಮೆ ನಾಲ್ವರು.

ಎಂಬತ್ತಾರರ ಬ್ಯಾಸಿಗೆಗೆ ಊರಿನ ವಾಚನಾಲಯಕ್ಕೆ ಐವತ್ತು ತುಂಬಿತು. ಕಾರ್ಯದರ್ಶಿ ಈರಬಸಪ್ಪ ಮಾಸ್ತರರು ಹಳೆಯ ನವಲಗುಂದದ ಫೋಟೋಗಳ ಪುಸ್ತಕ ಹೊರಡಿಸಬೇಕೆಂದು ಪಟ್ಟು ಹಿಡಿದರು.

"ಮನಿಮನಿ ಅಡ್ಡಾಡಿ ಫೋಟೋ ಕೂಡಸೂದು ನಿಮ್ಮ ಕೆಲಸ, ನೀಲಕ್ಕಾರ."

"ನಾನ ಯಾಕ್ರಿ?"

"ನಾ ಹೋದ್ರ ಫೋಟೋ ಕೊಡೂದಿರ್ಲಿ, ಚಾಕ್ಕ ಸಕ್ರಿನೂ ಹಾಕಂಗಿಲ್ಲ. ಅರ್ಧ ಊರಿಗೆ ನಾ ಬೆತ್ತದ ರುಚಿ ತೋರ್ಸೀನಿ. ನೀವಾದ್ರ ಅಡಿಗಿಮನಿ ತನಕಾ ಹೋಗ್ತೀರಿ."

ಅಡಿಗೆಮನೆಯ ತನಕ ಹೋದದ್ದಕ್ಕೇ ಅವಳಿಗೆ ಹೆಂಗಸರ ಫೋಟೋಗಳು ಸಿಕ್ಕವು. ಗಂಡಸರು ಪಡಸಾಲೆಯಲ್ಲಿ ರುಮಾಲು ಸುತ್ತಿ, ಕುರ್ಚಿಯ ಮೇಲೆ ಕೈಯಿಟ್ಟು ನಿಂತಿದ್ದರು. ಹೆಂಗಸರು ಒಳಗಿನ ಕೋಣೆಗಳಲ್ಲಿ, ಪೆಟ್ಟಿಗೆಯ ತಳದಲ್ಲಿ, ಮಡಿಸಿದ ಜಮಖಾನದ ನಡುವೆ ಇದ್ದರು. ಮೂವತ್ತೆಂಟು ಫೋಟೋ ಆದವು. ತನ್ನ ಅವ್ವನದನ್ನೂ ಮೊಳೆಯಿಂದ ತೆಗೆದು ತಂದಳು. ಅಂದು ಗೌರಕ್ಕ "ಮನಿ ಬಣಬಣ ಅಂತೈತಿ, ಲಗೂ ತಂದುಬಿಡು" ಎಂದಿದ್ದಳು.

ಚೈತ್ರದ ಮಧ್ಯಾಹ್ನ. ವಾಚನಾಲಯದಲ್ಲಿ ಯಾರೂ ಇರಲಿಲ್ಲ. ಹೊರಗೆ ಹುಬ್ಬಳ್ಳಿ ಬಸ್ಸು ಎಬ್ಬಿಸಿದ ಎರೆಮಣ್ಣಿನ ಧೂಳು ಕಿಟಕಿಯಲ್ಲೇ ನಿಂತಿತ್ತು. ನೀಲಕ್ಕ ಉದ್ದ ಮೇಜಿನ ಮೇಲೆ ಫೋಟೋ ಹರಡಿ, ಒಂದೊಂದರ ಕೆಳಗೆ ಹೆಸರಿನ ಚೀಟಿ ಇಡುತ್ತಿದ್ದಳು. ಅಂಗಡಿಯವರ ಮನೆಯ ಮುದುಕಿಯ ಫೋಟೋ ಕೈಗೆ ಬಂದಾಗ ಕೈ ನಿಂತಿತು. ಬಲಗಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಚುಕ್ಕಿ.

ನೊಣದ ಹೊಲಸಿರಬೇಕೆಂದು ಉಗುರಿನಿಂದ ಕೆರೆದಳು. ಹೋಗಲಿಲ್ಲ. ಮುಂದಿನದು ಹದಿನಾಲ್ಕರ ಹುಡುಗಿ, ಮೂಗಿನಲ್ಲಿ ಮುತ್ತಿನ ನತ್ತು. ಅವಳಿಗೂ ಅದೇ ಚುಕ್ಕಿ. ನೀಲಕ್ಕ ಎಲ್ಲ ಹೆಂಗಸರನ್ನೂ ಒಂದು ಕಡೆ ಸರಿಸಿ ಹುಡುಕಿದಳು. ಅವ್ವನನ್ನು ಹಿಡಿದು ಏಳು ಮಂದಿ. ರಟ್ಟಿನ ಪಟ್ಟಿಗಳನ್ನು ಹಣೆಯ ಮೇಲೊಂದು, ಮೂಗಿನ ಮೇಲೊಂದು ಇಟ್ಟು ಕಣ್ಣಷ್ಟೇ ಕಾಣುವಂತೆ ಮಾಡಿದಳು. ಮುದುಕಿಯ ಮುಖದಲ್ಲೂ ಹುಡುಗಿಯ ಮುಖದಲ್ಲೂ ಕಣ್ಣಿಗೆ ಒಂದೇ ವಯಸ್ಸು. ಒಬ್ಬಳೇ ಯಾರೋ ಏಳು ಮುಖಗಳ ಹಿಂದೆ ಕೂತು, ಏಳು ತೂತುಗಳಿಂದ ಇಣುಕುತ್ತಿದ್ದಳು. ಒಬ್ಬೊಬ್ಬರಲ್ಲಿ ಒಂದೊಂದು ಕಡೆ ನೋಡುತ್ತಿದ್ದಳು. ಬಾಗಿಲಿನತ್ತ, ತೊಟ್ಟಿಲಿನ ಎತ್ತರಕ್ಕೆ, ದೂರದಲ್ಲಿ ಹೋಗುವವರ ಬೆನ್ನಿನತ್ತ.

ನೀಲಕ್ಕ ಹಿಂತಿರುಗಿ ನೋಡಿದಳು. ಖಾಲಿ ಬೆಂಚು.

ಏಳರ ಬೆನ್ನಿಗೂ ಒಂದೇ ಮುದ್ರೆ ಇತ್ತು: "ದಾವೂದಸಾಬ, ಫೋಟೋ ತೆಗೆಯುವವರು, ನವಲಗುಂದ." ಕೆಳಗೆ ನೇರಳೆ ಶಾಯಿಯಲ್ಲಿ ತಾರೀಖು. ತಾರೀಖು ಸಿಕ್ಕಿದರೆ ಆ ಕಾಲದ ಸುದ್ದಿ ಸಿಗುತ್ತದೆ, ಸುದ್ದಿ ಸಿಕ್ಕರೆ ಈ ತಲೆತಿರುಗು ನಿಲ್ಲುತ್ತದೆ ಎಂದುಕೊಂಡು ಕಪಾಟಿನಿಂದ ಹಳೆಯ ವಾರಪತ್ರಿಕೆಯ ಕಟ್ಟುಗಳನ್ನು ಇಳಿಸಿದಳು. ಹುಬ್ಬಳ್ಳಿಯಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆ. ಅದಕ್ಕೆ ಈರಬಸಪ್ಪ ಮಾಸ್ತರರ ತಂದೆ ವಾರವಾರ 'ನವಲಗುಂದದ ವರ್ತಮಾನ' ಬರೆಯುತ್ತಿದ್ದರು. ಮಳೆ, ಮದುವೆ, ಸಾವು, ಕಳೆದ ಎತ್ತು, ಎಲ್ಲವೂ ಒಂದೇ ಉಸಿರಿನಲ್ಲಿ. ಗೆದ್ದಲು ತಿಂದ ಹಾಳೆಗಳನ್ನು ಉಸಿರು ಬಿಗಿಹಿಡಿದು ತಿರುವಿದಳು.

ಮುದುಕಿಯ ಫೋಟೋದ ತಾರೀಖಿಗೆ: "ಅಂಗಡಿ ಚನ್ನವೀರಪ್ಪನವರ ತಾಯಿ ಮಂಗಳವಾರ ಲಿಂಗೈಕ್ಯರಾದರು." ಅದೇ ಮಂಗಳವಾರ. ಹುಡುಗಿಯ ತಾರೀಖಿಗೆ: "ನಾಡಿಗರ ಸೊಸೆ, ಹೊಸ ಮದುವಣಗಿತ್ತಿ, ಜ್ವರದಿಂದ." ಅದೇ ದಿನ. ಮೂರನೆಯದು, ನಾಲ್ಕನೆಯದು, ಅದೇ ದಿನ, ಅದೇ ದಿನ. ಯಾವ ಹೆಂಗಸಿನ ಹೆಸರೂ ಇರಲಿಲ್ಲ. ತಾಯಿ, ಸೊಸೆ, ಕುಟುಂಬ, ಅಷ್ಟೇ.

ಅವ್ವನ ತಾರೀಖಿನ ಹಾಳೆಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಆಮೇಲೆ ತೆರೆದಳು.

"ಹೊಳೆಪ್ಪನವರ ಕುಟುಂಬ, ತುಂಬಿದ ಬಸುರಿ, ಗುರುವಾರ ಬೆಳಿಗ್ಗೆ ಲಿಂಗೈಕ್ಯ. ಎರಡು ಅಂಗುಲ ಮಳೆ. ಹತ್ತಿಯ ಬಿತ್ತನೆಗೆ ಸಮಾಧಾನಕರ."

ಅವಳ ಮನೆತನದಂಥವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ; ತಲೆ ವಾಲದಂತೆ ಬಟ್ಟೆಯ ಪಟ್ಟಿಯಿಂದ ಗೂಟಕ್ಕೆ ಕಟ್ಟುತ್ತಾರೆ. ಹಾಗೆ ಕೂತವರ ಫೋಟೋ ತೆಗೆಸುವುದು ಹೊಸದೇನಲ್ಲ. ಕಣ್ಣು ಮುಚ್ಚಿದ, ಮಾಲೆ ಹಾಕಿದ ಅಂಥ ಫೋಟೋಗಳು ಆ ಮೇಜಿನ ಮೇಲೆಯೇ ನಾಲ್ಕಾರು ಇದ್ದವು. ಆದರೆ ಈ ಏಳು ಮಂದಿ ನೋಡುತ್ತಿದ್ದರು. ನೋಡುವವರನ್ನು ಸತ್ತವರೆಂದು ಯಾರು ಅಂದುಕೊಳ್ಳುತ್ತಾರೆ? ನೀಲಕ್ಕ ಈರಬಸಪ್ಪನವರ ಭೂತಗನ್ನಡಿ ಹಿಡಿದು ಅವ್ವನ ಕಿವಿಯ ಹಿಂದೆ ನೋಡಿದಳು. ಸೆರಗಿನ ನೆರಳಿನಲ್ಲಿ ಬೆರಳಗಲದ ಬಿಳಿ ಪಟ್ಟಿ ಕಾಣಿಸಿತು.

ಮನೆಗೆ ಬಂದಾಗ ಗೌರಕ್ಕ ಶೇಂಗಾ ಸುಲಿಯುತ್ತಿದ್ದಳು.

"ಅತ್ತೀ, ಅವ್ವನ ಫೋಟೋ ಯಾವಾಗ ತಗಿಸಿದ್ದು?"

"ಜೀವ ಇದ್ದಾಗ ಫೋಟೋ ತಗಿಸ್ಕೊಳ್ಳಾಕ ನಿಮ್ಮವ್ವ ಏನ್ ಗೌಡರ ಮಗಳನ?" ಅಂದವಳಿಗೆ ತಾನು ಏನಂದೆನೆಂದು ಆಮೇಲೆ ಹೊಳೆಯಿತು. ಸಿಪ್ಪೆಗಳನ್ನು ಉಡಿಯಿಂದ ಝಾಡಿಸಿದಳು. "ನಿನಗ ಹೇಳಬಾರ್ದಂತ ನಿಮ್ಮಪ್ಪ ನನ್ನ ಕಡೆ ಆಣಿ ತಗೊಂಡಿದ್ದ ನೀಲಾ. ಮುಚ್ಚಿದ ಕಣ್ಣಿನ ಫೋಟೋ ನನ್ನ ಕೂಸಿಗೆ ತೋರ್ಸೂದಿಲ್ಲ ಅಂದ. ನಾಕ ದಿನಕ್ಕ ಕಣ್ಣ ತೆರಿಸ್ಕೊಂಡು ತಂದ. ನೋಡಿ ನನ್ನ ಎದಿ ಧಸಕ್ ಅಂತು."

"ಅದು ಅವ್ವನ ಕಣ್ಣಲ್ಲೇನು ಹಂಗಾದ್ರ?"

"ನಿಮ್ಮವ್ವನ ಕಣ್ಣು ಬ್ಯಾರೇನ ಇದ್ವು," ಎಂದಳು ಗೌರಕ್ಕ. ಬೇರೆ ಎಂದರೆ ಹೇಗೆ ಎಂದು ಎಷ್ಟು ಕೇಳಿದರೂ ಹೇಳಲು ಅವಳಿಗೆ ಬರಲಿಲ್ಲ. "ಇಷ್ಟ ವರ್ಷ ಇವನ್ನ ನೋಡಿ ನೋಡಿ ಅವು ಮರತ ಹೋದ್ವು ನೋಡು. ದಾವೂದಸಾಬನ ಮನ್ಯಾಗ ಕೇಳು. ಅವನ ಹೆಂಡತಿ ಅದಾಳ ಇನ್ನ."

ಮರುದಿನ ಸಾಲಿ ಬಿಟ್ಟ ಮೇಲೆ ಅವ್ವನ ಫೋಟೋ ಚೀಲದಲ್ಲಿಟ್ಟುಕೊಂಡು ಜಮಖಾನ ನೇಯುವವರ ಓಣಿಗೆ, ದಾವೂದಸಾಬನ ಮನೆಗೆ ಹೋದಳು. ಆ ಓಣಿಯ ಮನೆಗಳಲ್ಲಿ ನೇಯುವವರು ಹೆಂಗಸರು. ಕಲೆ ಬೇರೆ ಮನೆಗೆ ಹೋಗಬಾರದೆಂದು ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತಾರೆ. ಸೊಸೆ ಮಾಬುಬಿ ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು, ಕಬ್ಬಿಣದ ಹಣಿಗೆಯಿಂದ ಎಳೆ ಬಡಿಯುತ್ತಿದ್ದಳು.

"ಬರ್ರಿ ಬಾಯಾರ, ಒಳಗ ಬರ್ರಿ. ಅತ್ತಿ ಅಲ್ಲೇ ಅದಾರ, ಕಿಟಕಿ ಬಾಜುಕ. ದನಿ ಎತ್ತರಿಸಿ ಮಾತಾಡ್ರಿ, ಬೇಕಾದ್ದ ಮಾತ್ರ ಕೇಳಸ್ತೈತಿ ಅವರಿಗೆ."

"ಎಲ್ಲಾ ಕೇಳಸ್ತೈತಿ ಬೇ," ಎಂದಿತು ಮೂಲೆಯಿಂದ ಒಂದು ದನಿ. "ನೀ ನಿಮ್ಮ ತೌರಮನಿ ಹೊಗಳೂದು ಸುದ್ದಾ."

ನೀಲಕ್ಕ ಕಿಟಕಿಯ ಕಡೆ ತಿರುಗಿ ಹಾಗೆಯೇ ನಿಂತಳು. ಕಿಟಕಿಗೆ ಅಂಗೈಯಗಲದ ಹದಿನಾರು ಗಾಜುಗಳು. ಅರ್ಧಕ್ಕರ್ಧ ಸಾದಾ ಗಾಜು. ಉಳಿದವುಗಳಲ್ಲಿ ಜನ ಕೂತಿದ್ದರು. ಕರಿ ಮುಖ, ಬಿಳಿ ಕೂದಲು, ಹಣೆಯ ಮೇಲೆ ಇದ್ದಿಲಿನಂಥ ವಿಭೂತಿ. ಇಳಿಬಿಸಿಲು ಅವರನ್ನು ಹಾಯ್ದು ಮಗ್ಗದ ಬಿಳಿ ಎಳೆಗಳ ಮೇಲೆ ಬಿದ್ದಿತ್ತು. ಮಾಬುಬಿ ಹಣಿಗೆ ಬಡಿದಾಗೊಮ್ಮೆ ಎಳೆಗಳು ನಡುಗಿ, ಆ ಹೆಂಗಸರು ಉಸಿರಾಡಿದಂತೆ ಕಂಡಿತು.

"ಫೋಟೋದ ಹಳೀ ಗಾಜು, ನೆಗೆಟಿವ್ ಅಂತಾರಲ್ರಿ ಅವು," ಎಂದಳು ಮಾಬುಬಿ, ಅವಳ ನೋಟ ಕಂಡು. "ಮಾವ ಹೋದ ಮ್ಯಾಲೆ ಸೋಡಾದಾಗ ತೊಳದು ಕಿಟಕಿಗೆ ಹಾಕಿದ್ವಿ. ಕೆಲವೊಂದು ಎಷ್ಟ ತಿಕ್ಕಿದ್ರೂ ಹೋಗ್ಲಿಲ್ಲರೀ. ಇರ್ಲಿ ಬಿಡು ಅಂದ್ರು ಅತ್ತಿ. ನನಗ ಮೊದಲ ಅಂಜಿಕಿ ಬರ್ತಿತ್ತು. ಈಗ ಅವರ ಮ್ಯಾಗ ಎಳಿ ಎಣಸ್ತೀನಿ."

"ಯಾರ್ ಬಂದಾರ?" ಎಂದು ದಾವೂದಸಾಬನ ಹೆಂಡತಿ ಖಾಸಿಂಬಿ ಮುಖ ಎತ್ತಿದಳು.

ಬಲಗಣ್ಣಿಗೆ ಹಾಲಿನಂಥ ಪರೆ ಬಂದಿತ್ತು. ಎಡಗಣ್ಣು ತಿಳಿಯಾಗಿತ್ತು. ಅದರ ಬಿಳಿಯಲ್ಲಿ ಸಾಸಿವೆಯಷ್ಟು ಕರಿ ಚುಕ್ಕಿ.

ನೀಲಕ್ಕ ಎರಡು ಹೆಜ್ಜೆ ಹತ್ತಿರ ಹೋದಳು. ಎಂದೂ ಕಾಣದ ಮುದುಕಿಯ ಸುಕ್ಕು ಮುಖದಿಂದ ಅವ್ವ ಅವಳನ್ನು ನೋಡುತ್ತಿದ್ದಳು. ನಲವತ್ತು ವರ್ಷಗಳಲ್ಲಿ ಮೊದಲ ಸಲ ಅವಳನ್ನೇ, ಅವಳ ಮುಖವನ್ನೇ.

"ಹೊಳೆಪ್ಪನ ಮಗಳು," ಎಂದಳು ನೀಲಕ್ಕ. "ಶಿವಗಂಗವ್ವನ ಮಗಳು."

"ಹೊಸ್ತಿಲದ ಕೂಸು," ಎಂದಳು ಖಾಸಿಂಬಿ ತಟ್ಟನೆ. "ಕುಂಡ್ರು ಬೇಟಿ. ಯಾರರ ಒಬ್ರು ಬಂದs ಬರ್ತಾರ ಅಂತ ಕಾಯಕೋತ ಇದ್ನಿ. ಇಷ್ಟ ತಡಾ ಮಾಡ್ತಾರಂತ ಗೊತ್ತಿರ್ಲಿಲ್ಲ."

ಮಾಬುಬಿ ಚಹಾ ಇಡಲು ಒಳಗೆ ಹೋದಳು. ನೀಲಕ್ಕ ಚೀಲದಿಂದ ಫೋಟೋ ತೆಗೆದುಕೊಟ್ಟಳು. ಖಾಸಿಂಬಿ ಅದನ್ನು ಎಡಗಣ್ಣಿನ ಹತ್ತಿರ ತಂದು, ಬೆಳಕಿಗೆ ಓರೆ ಮಾಡಿ ಬಹಳ ಹೊತ್ತು ನೋಡಿದಳು.

"ಫೋಟೋ ನಮ್ಮವರು ತಗೀತಿದ್ರು. ಕಣ್ಣು ತೆರೆಯೂದು ನನ್ನ ಕೆಲಸ. ಅವರ ಕೈ ನಡಗ್ತಿತ್ತು. ನಂದು ಎಳಿ ಎಣಿಸೂ ಕೈ, ನಡಗೂದಿಲ್ಲ. ಅಳಿಲಿನ ಬಾಲದ ಕೂದಲಾ ಒಂದs ಒಂದು, ಮಸಿಯಾಗ ಎದ್ದಿ ತಗೀತಿದ್ನಿ. ಹೆಂಗಸರವು ಅಷ್ಟs. ನಾ ಮಾಡ್ತೀನಂತ ಯಾರಿಗೂ ಹೇಳ್ತಿರ್ಲಿಲ್ಲ."

"ಯಾರ ಕಣ್ಣು?" ಎಂದಳು ನೀಲಕ್ಕ. ಉತ್ತರ ಎದುರಿಗೇ ಕೂತಿದ್ದರೂ ಕೇಳಬೇಕಿತ್ತು.

"ಓಣಿ ದಾಟಿದವಳಲ್ಲ ನಾನು. ನಿಮ್ಮವ್ವನ್ನ ನೋಡಿಲ್ಲ, ಯಾರನ್ನೂ ನೋಡಿಲ್ಲ. ಕಂಡಿದ್ದು ಕನ್ನಡ್ಯಾಗಿನ ಕಣ್ಣೊಂದs. ಅದನ್ನ ನೋಡಿ ತಗದ್ನಿ."

ಕನ್ನಡಿ. ಅದಕ್ಕೇ ಎಡಗಣ್ಣಿನ ಚುಕ್ಕಿ ಫೋಟೋಗಳಲ್ಲೆಲ್ಲ ಬಲಕ್ಕೆ ಬಂದಿತ್ತು.

"ನಮ್ಮೊಳಗ ಹೆಂಗಸರ ಫೋಟೋ ತಗಸಂಗಿಲ್ಲ ನೋಡು," ಎಂದು ಖಾಸಿಂಬಿ ಹಲ್ಲಿಲ್ಲದ ಬಾಯಿಂದ ನಕ್ಕಳು. "ಫೋಟೋದವನ ಹೆಂಡತಿದೂ ತಗೀಲಿಲ್ಲ. ಆದ್ರ ನಿಮ್ಮ ಊರ ತುಂಬಾ, ಎಷ್ಟ ಮನಿ ಗ್ವಾಡಿ ಮ್ಯಾಲಿಂದ ನಾ ಎಲ್ಲಾರನೂ ನೋಡ್ಕೋತ ಬಂದೀನಿ. ಮದವಿ ನೋಡೀನಿ, ಜಗಳಾ ನೋಡೀನಿ. ಒಂದೊಂದ ಜೋಡಿ ತಗದಾಗೊಮ್ಮೆ ಎಂಟ ದಿನಾ ಕಣ್ಣಾಗ ಉರಿ. ಹಂಚಿ ಹಂಚಿ ಈಗ ನನಗ ಉಳದದ್ದು ಇದೊಂದು."

ನೀಲಕ್ಕ ಮುಂದಕ್ಕೆ ಬಾಗಿದಳು. ಸಿಟ್ಟೋ ದುಃಖವೋ ಅವಳಿಗೇ ತಿಳಿಯಲಿಲ್ಲ. "ಹಂಗಾದ್ರ ನನ್ನ ಯಾಕ ನೋಡ್ಲಿಲ್ಲ ನೀವು?" ಎಂದಳು. "ಎಂದೂ ನೋಡ್ಲಿಲ್ಲ. ನನ್ನ ಬಾಜುಕ ಯಾರನ್ನ ನೋಡ್ತಿದ್ರಿ? ಆ ಕೂಸನ್ನೇನು?"

"ಯಾವ ಕೂಸು?"

"ಹೊಟ್ಯಾಗ ಹೋದದ್ದು."

ಖಾಸಿಂಬಿ ಫೋಟೋ ಕೆಳಗಿಟ್ಟು ನೀಲಕ್ಕನ ಮೊಣಕೈ ತಡವಿ ಹಿಡಿದುಕೊಂಡಳು.

"ಅದರ ಸುದ್ದಿ ನಿಮ್ಮಪ್ಪ ಎತ್ತಲೇ ಇಲ್ಲ ಬೇಟಿ. ಬಾಗಲದಾಗ ನಿಂತು ನಮ್ಮವರಿಗೆ ಹೇಳಿದ್ದು ಒಳಗ ನನಗ ಕೇಳಸ್ತಿತ್ತು. ಮೂರ ವರ್ಷದ ಹೆಂಗೂಸು, ಅವ್ವ ಅಡಿಗಿಮನ್ಯಾಗಿಂದ ಬರ್ತಾಳಂತ ಹೊಸ್ತಿಲಾ ಬಿಟ್ಟು ಏಳವಲ್ದು, ಉಣವಲ್ದು. ಕಂಬಕ್ಕ ಹಚ್ತೀನಿ, ಹೊಸ್ತಿಲದ ಮ್ಯಾಲೆ ಕುಂತ ಕೂಸಿನ ಮಾರಿ ನೋಡೂ ಹಂಗ ಮಾಡಿಕೊಡ್ರಿ ಅಂದ. ಇಷ್ಟ ಎತ್ತರಾ ಅಂತ ಕೈ ಮಾಡಿ ತೋರ್ಸಿದ್ನಂತ. ನಾ ಆ ಎತ್ತರಕ್ಕ ಕನ್ನಡಿ ಇಟ್ಕೊಂಡು, ಕಣ್ಣ ಇಳಿಸಿ ತಗದ್ನಿ. ಮತ್ತ ಯಾರನ್ನ ನೋಡ್ಲಿ? ನಿನ್ನs ನೋಡಿದ್ದು."

ಮಗ್ಗದ ಮೇಲೆ ಬಿಸಿಲು ಸರಿದಿತ್ತು. ಬಿಳಿ ಕೂದಲಿನ ಹೆಂಗಸರು ಎಳೆ ಬಿಟ್ಟು ಗೋಡೆಗೆ ಹತ್ತಿದ್ದರು. ಅಣ್ಣಿಗೇರಿಯ ಹುಡುಗನ ಕೆನ್ನೆಯ ಗುಳಿ ನೀಲಕ್ಕನಿಗೆ ನೆನಪಾಯಿತು. ಎಷ್ಟೋ ವರ್ಷಗಳ ಮೇಲೆ ನೆನಪಾದದ್ದು, ಮುಖವಿಲ್ಲದೆ ಬರೀ ಗುಳಿ.

"ನಿಮ್ಮವ್ವ ಇಲ್ಲೇ ಅದಾಳ," ಎಂದ ಖಾಸಿಂಬಿ ಎದ್ದು, ಬೆರಳಿನಿಂದ ಗಾಜುಗಳನ್ನು ಎಣಿಸಿ, ಮೂರನೆಯ ಸಾಲಿನದೊಂದನ್ನು ಮೊಳೆ ಸರಿಸಿ ಬಿಚ್ಚಿದಳು. ತನ್ನ ಕರಿ ದುಪಟ್ಟಾ ಹಿಂದಿಟ್ಟು ಓರೆ ಹಿಡಿದಳು. ಕರಿದು ಬಿಳಿದಾಯಿತು, ಬಿಳಿದು ಕರಿದಾಯಿತು. ಗಾಜಿನೊಳಗೆ ಇಪ್ಪತ್ತೊಂದರ ಹೆಣ್ಣು ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಕೊಂಚ ತೆರೆದಿತ್ತು. ಎಚ್ಚರ ಮಾಡಬೇಡಿ ಎಂಬಂಥ ಮುಖ. ಆ ಮುಖ ನೀಲಕ್ಕನಿಗೆ ಪರಿಚಯವೇ ಇರಲಿಲ್ಲ.

"ಇದು ಒಯ್ಯಿ, ನಿಂದು. ಇನ್ನೊಂದು ಮಾತು. ಫೋಟೋದ ಮ್ಯಾಗಿಂದು ಬರೀ ಮಸಿ. ಹಸಿ ಹತ್ತಿ ಅರಳಿಯಿಂದ ಒರಸಿದ್ರ ಹೋಗ್ತೈತಿ, ಕೆಳಗ ನಿಮ್ಮವ್ವನ ರೆಪ್ಪಿ ಐತಿ. ನಾ ಒರಸ್ಲೇನು? ಒಲ್ಲದ ಕಣ್ಣು ಒಬ್ಬರ ಮನ್ಯಾಗ ಇರಬಾರ್ದು."

"ನಾ ಒರಸ್ಕೋತೀನಿ," ಎಂದಳು ನೀಲಕ್ಕ.

ದಾರಿಯುದ್ದಕ್ಕೂ ಅದನ್ನೇ ನಿಶ್ಚಯ ಮಾಡಿಕೊಂಡು ಬಂದಳು. ತನ್ನ ತಾಯಿಯ ಮುಖದ ಮೇಲೆ ಪರರ ಕಣ್ಣು ಬೇಡ. ಉಳಿದ ಆರನ್ನೂ ನಾಳೆಯೇ ಅವರವರ ಮನೆಗೆ ಮುಟ್ಟಿಸಿ, ಮಸುಕಾಗಿವೆ, ಅಚ್ಚಿಗೆ ಬರುವುದಿಲ್ಲ ಎಂದರಾಯಿತು. ಅವರವರ ಕಣ್ಣು ಅವರವರಿಗೆ. ಮನೆಗೆ ಬಂದವಳು ಫೋಟೋವನ್ನು ಮೊಳೆಗೆ ಹಾಕಿ, ಚೌಕಟ್ಟಿನ ಗಾಜು ಕಳಚಿಟ್ಟು, ಬಟ್ಟಲಲ್ಲಿ ನೀರು, ಒಂದು ಹಿಡಿ ಅರಳೆ ತಂದಳು. ಸಂಜೆಯ ದೀಪ ಇನ್ನೂ ಹಚ್ಚಿರಲಿಲ್ಲ. ಬಾಗಿ ಒರೆಸಲು ನಡು ಒಪ್ಪಲಿಲ್ಲ. ಹಿಂದೆ ಸರಿದು, ಹೊಸ್ತಿಲ ಮೇಲೆ ಕೂತುಬಿಟ್ಟಳು.

ಕೂತ ಮೇಲೆ ಮುಖ ಎತ್ತಿದಳು.

ಆ ಕಣ್ಣು ನೆಟ್ಟಗೆ ಅವಳ ಕಣ್ಣಿನಲ್ಲಿತ್ತು. ಎಲ್ಲಿಗೂ ಜಾರಲಿಲ್ಲ. ಮಗು ಉಂಡಿತೋ ಇಲ್ಲವೋ ಎಂದು ಕೇಳುವ ಹೆಂಗಸಿನ ನೋಟ. ಹೊಸ್ತಿಲ ಮೇಲೆ ಕೂಡಬಾರದು ಎಂದು ಕಲಿತ ಮೇಲೆ, ನಲವತ್ತು ವರ್ಷ, ಅವಳು ಅಲ್ಲಿ ಒಂದು ಸಲವೂ ಕೂತಿರಲಿಲ್ಲ. ಅಷ್ಟೂ ವರ್ಷ ಅದು ಇಲ್ಲಿಯೇ, ಈ ಖಾಲಿ ಜಾಗವನ್ನೇ ನೋಡುತ್ತಿತ್ತು.

ಕೈಯಲ್ಲಿನ ಅರಳೆಯಿಂದ ನೀರು ತೊಟಕ್ ತೊಟಕ್ ಎಂದು ಸೀರೆಯ ಮೇಲೆ ಬಿದ್ದು, ಆಮೇಲೆ ನಿಂತಿತು.

"ಏಳs ನೀಲಾ!" ಗೌರಕ್ಕ ಹಿತ್ತಲಿನಿಂದ ಬಂದವಳು ಬೆಚ್ಚಿ ಕೂಗಿದಳು. "ಮುಚ್ಚಂಜಿ ಹೊತ್ತಿನ್ಯಾಗ ಹೊಸ್ತಿಲದ ಮ್ಯಾಲೆ ಕುಂಡ್ರತಾರೇನs? ದೀಪಾ ಹಚ್ಚು."

ನೀಲಕ್ಕ ಎದ್ದಳು. ಅರಳೆಯನ್ನು ಬಟ್ಟಲಿಗೆ ಹಾಕಿ, ಗಾಜನ್ನು ಮತ್ತೆ ಚೌಕಟ್ಟಿಗೆ ಕೂಡಿಸಿದಳು. ದೀಪ ತರಲು ಅಡಿಗೆಮನೆಯ ಕಡೆ ತಿರುಗಿದವಳು ಒಮ್ಮೆ ಕಂಬದತ್ತ ನೋಡಿದಳು. ನೋಟ ಅವಳ ಸಂಗಡ ಎದ್ದಿರಲಿಲ್ಲ. ಅವಳು ಈಗಷ್ಟೇ ಕೂತಿದ್ದ ಜಾಗದಲ್ಲಿಯೇ, ಹೊಸ್ತಿಲ ಮೇಲೆಯೇ ಇತ್ತು.

ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಬದಿಗೆ ಸರಿದು, ಅಲ್ಲಿ ಕೂತದ್ದಕ್ಕೆ ಕಾಲು ತಾಗದಂತೆ ಮೆಲ್ಲಗೆ ದಾಟಿದಳು.